ಹೊಸ ಸೂಪರ್‌ಚಾರ್ಜರ್ ಮತ್ತು ಹಳೆಯ ಬೆಲ್ಟು

ದೇವರ ದಯೆಯಿಂದ ಚೆನ್ನಾಗಿಯೇ ಓಡುತ್ತಿದ್ದ ಒಂದು ಕಾರಿಗೆ ಇನ್ನಷ್ಟು ಬಲ ಬರಲೆಂದು, ಎಂಜಿನ್ನಿಗೆ ಗಾಳಿ ಊದುವ ದೊಡ್ಡ ಸೂಪರ್‌ಚಾರ್ಜರ್ ಒಂದನ್ನು ಹೊಸದಾಗಿ ಕೂರಿಸಿದರು. ಮೆಕ್ಯಾನಿಕ್ಕು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದದ್ದೇ ತಡ, ಅದಕ್ಕೆ ಗರ್ವ ಏರಿತು.

ಘಾಟಿ ಹತ್ತುವಾಗ ಅದು ತನ್ನನ್ನು ಸುತ್ತಿ ಹಿಡಿದು ತಿರುಗಿಸುತ್ತಿದ್ದ ಹಳೆಯ ಬೆಲ್ಟನ್ನು ಗದರಿಸಿತು: "ಈ ಎಂಜಿನ್ನಿಗೆ ಉಸಿರು ಕೊಡುವವನೇ ನಾನು. ನನ್ನ ಸೊಂಟಕ್ಕೇಕೆ ನೀನು? ಬಿಡೋ ಮುದುಕಾ!"

"ಬಿಟ್ಟರೆ ನಿನಗೇ ಕಷ್ಟ, ತಮ್ಮಾ."

"ಹೆದರಿಸಬೇಡ, ಬಿಡು!"

ಬೆಲ್ಟು ಹಿಡಿತ ಸಡಿಲಿಸಿತು. ಸೂಪರ್‌ಚಾರ್ಜರ್ ತಿರುಗದೆ ನಿಂತುಹೋಯಿತು. ಅದರ ಮೈಯೇ ಗಾಳಿಯ ದಾರಿಗೆ ಅಡ್ಡವಾಗಿ ಎಂಜಿನ್ನು ಏದುಸಿರು ಬಿಟ್ಟಿತು. ಕಾರು ಹಿಂದಕ್ಕೆ, ಕಂದಕದ ಕಡೆಗೆ ಜಾರತೊಡಗಿತು.

"ಅಜ್ಜಾ, ತಪ್ಪಾಯ್ತು, ಹಿಡಿದುಕೊಳ್ಳಿ!"

ಬೆಲ್ಟು ಮತ್ತೆ ಬಿಗಿಯಾಗಿ ಹಿಡಿಯಿತು. ಕಾರು ಏರು ಹತ್ತಿತು.

ಸ್ವಲ್ಪ ಹೊತ್ತಿನ ಮೇಲೆ ಸೂಪರ್‌ಚಾರ್ಜರ್ ಮೆಲ್ಲಗೆ ಕೇಳಿತು: "ನನ್ನನ್ನು ತಿರುಗಿಸುವವರು ನೀವು. ನಿಮ್ಮನ್ನು?"

"ಎಂಜಿನ್ನು."

"ಮತ್ತೆ ಎಂಜಿನ್ನನ್ನು?"

"ದಿನಾ ಬೆಳಿಗ್ಗೆ ಯಾರೋ ಕೀಲಿ ತಿರುಗಿಸುತ್ತಾರಪ್ಪ. ಆ ಕೈಯನ್ನು ನಾನು ಕಂಡಿಲ್ಲ," ಎಂದಿತು ಬೆಲ್ಟು. "ಆದರೆ ಅದು ಒಂದು ದಿನವೂ ತಪ್ಪಿಸಿಲ್ಲ."