ಅಪ್ಪಾ ದಿಬ್ಬ

ಡೋಣಿ ಹೊಳೆಯ ದಂಡೆಯ ಹಿರೇಬಾವೂರಿನ ಬಡಗಕ್ಕೆ, ಜೋಳದ ಹೊಲಗಳ ನಡುವೆ ಒಂದು ಬೋಳು ದಿಬ್ಬವಿದೆ. ಎತ್ತರವೇನಿಲ್ಲ; ಆದರೂ ಮೇಲೆ ನಿಂತರೆ ಹಳೆಯ ದಂಡಿನ ದಾರಿ ಬಹುದೂರದವರೆಗೆ ಕಾಣುತ್ತದೆ. ಊರವರು ಅದನ್ನು ಅಪ್ಪಾ ದಿಬ್ಬ ಎನ್ನುತ್ತಾರೆ.

ಹಿಂದೆ ಸುಲ್ತಾನರ ಕಾಲದಲ್ಲಿ, ಬಡಗಣ ದೇಶದ ಧನೇರಗಢವನ್ನು ಆಳುತ್ತಿದ್ದ ಅಖೈಸಿಂಗನೆಂಬ ರಜಪೂತ ದೊರೆಯನ್ನು ಒಡಹುಟ್ಟಿದ ತಮ್ಮ ಬಖ್ತಸಿಂಗನೇ ಪಟ್ಟದಿಂದಿಳಿಸಿ ಓಡಿಸಿದನಂತೆ. ಬಸುರಿ ರಾಣಿಯೊಡನೆ ಅವನು ದಕ್ಷಿಣಕ್ಕೆ ಬಂದು ಸುಲ್ತಾನನ ಆಶ್ರಯ ಬೇಡಿದ. ದಂಡು ಕೊಡುತ್ತೇನೆಂದ ಸುಲ್ತಾನ ಈ ಊರಿನಲ್ಲೊಂದು ಮನೆ ಕೊಟ್ಟು ಸುಮ್ಮನಾದ. ರಾಣಿ ಹೆರಿಗೆಯಲ್ಲೇ ತೀರಿಕೊಂಡಳು. ಕೂಸು ಜೋರಾವರನಿಗೆ ಮೊಲೆಯೂಡಿಸಿ ಬೆಳೆಸಿದವಳು ಕುರುಬರ ನೀಲವ್ವ. ಅವಳ ಕನ್ನಡವೇ ಹುಡುಗನ ಮಾತಾಯಿತು.

ಮಗನಿಗೆ ಆರು ತುಂಬುವ ಹೊತ್ತಿಗೆ ಧನೇರಗಢದ ರಾವುತರು ಬಂದಿಳಿದರು. ಜೊತೆಗೆ, ಹಿಂದೆ ಅಖೈಸಿಂಗನ ಓಲಗದಲ್ಲಿ ವಂಶಾವಳಿ ಹಾಡುತ್ತಿದ್ದ ಮುದಿ ಭಾಟ ಕರಣೀದಾನನಿದ್ದ. ಬಖ್ತಸಿಂಗನಿಗೆ ಮಕ್ಕಳಾಗಿರಲಿಲ್ಲ, ಪಟ್ಟಕ್ಕೆ ಅದೇ ರಕ್ತದ ಕೂಸು ಬೇಕಿತ್ತು. ಭಾಟ ತಲೆ ಎತ್ತದೆ ಹೇಳಿದ: "ಅನ್ನದಾತಾ, ಕುವರನಿಗೆ ಪಟ್ಟವಾಗುತ್ತದೆ. ಆದರೆ ಇನ್ನು ಅವನು ಬಖ್ತಸಿಂಗರ ಮಗ. ನಿಮ್ಮನ್ನು ತಂದೆಯೆಂದು ಕರೆದರೆ ನಿಮ್ಮ ತಲೆ ತೆಗೆಯಲು ರಾವುತರಿಗೆ ಅಪ್ಪಣೆಯಾಗಿದೆ."

"ವಂಶಾವಳಿಯಲ್ಲಿ ನನ್ನ ಹೆಸರು?"

"ನಿಮ್ಮ ತಂದೆಯವರ ಹೆಸರಾದ ಮೇಲೆ ನಿಮ್ಮ ತಮ್ಮನದೇ ಬರುತ್ತದೆ."

ಸುಲ್ತಾನ ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಕತ್ತಿಯ ಹಿಡಿಗೆ ಹೋದ ದೊರೆಯ ಕೈ ಹಾಗೇ ಇಳಿಯಿತು. "ಕೂಸಿನ್ನ ಕೊಡಬ್ಯಾಡ್ರಿ, ದೊರೀ. ನನ್ನ ಮಗಾ ಅಂತ ಹೇಳಿ ಇಟ್ಕೋತೀನ್ರಿ," ಎಂದು ನೀಲವ್ವ ಕಾಲು ಹಿಡಿದಳು. "ಇಲ್ಲಿದ್ದರೆ ಅವನೂ ನನ್ನಂತೆ ಕಾಯುತ್ತಲೇ ಸಾಯುತ್ತಾನೆ, ನೀಲವ್ವಾ," ಎಂದ ಅಖೈಸಿಂಗ, ತಾನೇ ಮಗನನ್ನು ಕುದುರೆಯ ಮೇಲೆ ಕೂರಿಸಿ, ಹಿಂದಿರುಗಿ ನೋಡದೆ ದಿಬ್ಬ ಹತ್ತಿದ.

ಕುದುರೆಗಳು ದಿಬ್ಬದ ಬುಡ ದಾಟುವಾಗ ಹುಡುಗ ಮೇಲೆ ನೋಡಿ "ಅಪ್ಪಾ! ಅಪ್ಪಾ!" ಎಂದು ಕೂಗತೊಡಗಿದ. ರಾವುತರಿಗೆ ಆ ಮಾತು ತಿಳಿಯಲಿಲ್ಲ. ಏನನ್ನುತ್ತಿದ್ದಾನೆಂದು ಕೇಳಿದ್ದಕ್ಕೆ ಭಾಟ, "ಈ ಕಡೆಯ ದೇವರ ಹೆಸರು," ಎಂದನಂತೆ. ಹೊಲದಲ್ಲಿದ್ದವರಿಗೆಲ್ಲ ತಿಳಿದಿತ್ತು, ಯಾರೂ ತುಟಿ ಬಿಚ್ಚಲಿಲ್ಲ. ಓಗೊಟ್ಟರೆ ಗುಟ್ಟು ರಟ್ಟಾಗುತ್ತದೆಂದು ದೊರೆ ಬಾಯಿಗೆ ಮುಂಡಾಸಿನ ಸೆರಗು ತುರುಕಿಕೊಂಡು ನಿಂತ. ಧೂಳು ಅಡಗಿದ ಮೇಲೂ ಆ ಕೂಗು ಕೇಳುತ್ತಿತ್ತು ಎನ್ನುತ್ತಾರೆ.

ಜೋರಾವರ ಅರಸನಾದನಂತೆ, ತಿರುಗಿ ಬರಲಿಲ್ಲ. ಅಖೈಸಿಂಗ ಇಲ್ಲೇ ಮುಪ್ಪಾಗಿ ಸತ್ತಾಗ ಕೊಳ್ಳಿಯಿಟ್ಟವನು ಜೋರಾವರನೊಡನೆ ಹಾಲು ಕುಡಿದ ನೀಲವ್ವನ ಸ್ವಂತ ಮಗ. ದಿಬ್ಬದ ನೆತ್ತಿಯಲ್ಲಿ ಇಂದಿಗೂ ಒಂದು ಒರಟು ಕಲ್ಲು ನಿಂತಿದೆ, ಬರಹವಿಲ್ಲ. ಮಹಾಲಯ ಅಮಾವಾಸ್ಯೆಯಂದು ಹೋದವರಿಗೆ ಅದರ ಮುಂದೆ ಎಲೆಯ ಮೇಲೆ ಕಡುಬು, ಪಲ್ಯ ಕಾಣಸಿಗುತ್ತವೆ. ನೀಲವ್ವನ ಮನೆತನದವರು ತಮ್ಮ ಹಿರಿಯರ ಜೊತೆ ಅವನಿಗೂ ಎಡೆ ಇಡುತ್ತಾರೆ.