ಏಳು ದಾರದ ಗೊಂಬೆ

ಟೀವಿಗೆ ಗೊಂಬೆ ಮಾಡುವ ಜಲಜಾಕ್ಷಿ ಬಹಳ ವರ್ಷಗಳ ಮೇಲೆ ಗುರುಗಳ ಮನೆಗೆ ಬಂದಳು. ಹೊಳೆ ದಂಡೆಯ ಆ ಅಂಗಳದಲ್ಲಿ ಕಾಳಾಚಾರ್ ಬೂರುಗದ ಮರದ ತುಂಡೊಂದರ ತೊಗಟೆ ತೆಗೆಯುತ್ತ ಕೂತಿದ್ದರು. ಎಂಬತ್ತು ದಾಟಿದ ಕೈ. ಉಳಿ ಇನ್ನೂ ನಡುಗುತ್ತಿರಲಿಲ್ಲ.

"ಈ ಕೆಲಸ ಬಿಟ್ಟುಬಿಡ್ತೀನಿ ಗುರುಗಳೇ," ಎಂದಳು. ಆಮೇಲೆ ನೆನಪಾಗಿ ಕಾಲಿಗೆ ನಮಸ್ಕಾರ ಮಾಡಿದಳು.

"ಕೂತ್ಕೋ," ಎಂದರು ಅವರು.

ಅವಳ ಗೊಂಬೆ ಹುಬ್ಬಜ್ಜ ಮನೆಮನೆಗೂ ಗೊತ್ತಿದ್ದವನು. ಮಕ್ಕಳ ಕಾರ್ಯಕ್ರಮದಲ್ಲಿ ಯಾರಾದರೂ ಸುಳ್ಳು ಹೇಳಿದರೆ ಸಾಕು, ಆ ಮುದುಕನ ಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು. ಆರು ತಿಂಗಳಾಗುವಷ್ಟರಲ್ಲಿ ಇನ್ನೊಂದು ಚಾನೆಲ್ಲಿನಲ್ಲಿ ಮೀಸೆಮಾವ ಬಂದ. ಅವನ ಮೀಸೆ ಏರುತ್ತಿತ್ತು. ಅವನನ್ನು ಮಾಡಿದವನು ತೀರ್ಥೇಶ. ಇದೇ ಅಂಗಳದಲ್ಲಿ ಅವಳ ಪಕ್ಕದಲ್ಲೇ ಕೂತು ಕೆತ್ತಲು ಕಲಿತವನು.

ಇವಳು ಅಜ್ಜನ ಕಿವಿ ಅಲುಗುವ ಹಾಗೆ ಮಾಡಿದಳು. ಅವನು ಮಾವನ ಮೂಗು ಅಲುಗಿಸಿದ. ಇವಳ ಅಜ್ಜನ ಟೋಪಿ ಹಾರಿತು, ಅವನ ಮಾವನ ಪೇಟ ಹಾರಿತು. ಹೀಗೇ ಐದು ವರ್ಷ ಕಳೆಯಿತು.

ಈಗ ಚಾನೆಲ್ಲಿನವರು ಕಡ್ಡಿ ಮುರಿದಂತೆ ಹೇಳಿದ್ದರು: ಆ ಕಡೆಯವರಿಗೆ ಮಾಡಲಾಗದಂಥ ಗೊಂಬೆ ತನ್ನಿ, ಇಲ್ಲವಾದರೆ ಬರುವ ತಿಂಗಳು ಕಾರ್ಯಕ್ರಮವೇ ಇರುವುದಿಲ್ಲ.

ಅವಳು ಪೆಟ್ಟಿಗೆಯಿಂದ ಹೊಸ ಗೊಂಬೆಯನ್ನು ತೆಗೆದು ಆಡಿಸಿದಳು. ಏಳು ದಾರ. ಕಣ್ಣು ಹೊರಳಿತು, ಕತ್ತು ಮೂರು ಕಡೆ ಬಳುಕಿತು, ನಾಲಿಗೆ ಹೊರಗೆ ಬಂದು ಒಳಗೆ ಹೋಯಿತು. ಮುಗಿಸುವ ಹೊತ್ತಿಗೆ ಅವಳ ಹೆಬ್ಬೆರಳ ಸಂದು ಸಿಡಿಯುತ್ತಿತ್ತು.

"ಯಾರಿವನು?" ಎಂದು ಕೇಳಿದರು ಕಾಳಾಚಾರ್.

"ಏಳು ದಾರ ಗುರುಗಳೇ. ಕತ್ತಿಗೇ ಮೂರಿವೆ."

"ದಾರ ಎಷ್ಟು ಅಂತ ಕೇಳಲಿಲ್ಲ. ಯಾರು ಅಂತ ಕೇಳಿದೆ."

ಅವಳು ಗೊಂಬೆಯ ಮುಖ ನೋಡಿದಳು.

"ತೀರ್ಥೇಶನ ಕೈಲಿ ಆಗದವನು," ಎಂದಳು ಕಡೆಗೆ.

"ಹಾಗಾದರೆ ಇದು ತೀರ್ಥೇಶನ ಗೊಂಬೆ. ನೀನು ಕೆತ್ತಿಕೊಟ್ಟಿದ್ದೀಯ, ಅಷ್ಟೆ."

ಅವಳಿಗೆ ಚುರುಕ್ಕೆಂದಿತು. "ಕದ್ದವನು ಅವನು ಗುರುಗಳೇ."

"ಯುಗಾದಿಗೆ ಮುಂಚೆ ಅವನೂ ಬಂದಿದ್ದ. ನೀನು ಕದೀತೀಯ ಅಂದ."

"ನಾನಾ?"

"ಪೇಟ ಹಾರಿದ್ದು ಮೊದಲಂತೆ. ಟೋಪಿ ಆಮೇಲಂತೆ."

ಜಲಜಾಕ್ಷಿ ಯಾವುದು ಮೊದಲೆಂದು ನೆನಪು ಮಾಡಿಕೊಳ್ಳಲು ಹೋದಳು. ನೆನಪಾಗಲಿಲ್ಲ. ಅದೇ ಅವಳನ್ನು ಹೆದರಿಸಿತು.

"ಅವನಿಗೆ ನೀವೇನು ಹೇಳಿದಿರಿ?"

"ಏನು ಹೇಳಲಿ? ಊಟ ಹಾಕಿ ಕಳಿಸಿದೆ."

ಅವರು ಕೈಯಲ್ಲಿದ್ದ ಬೂರುಗದ ತುಂಡನ್ನು ಅವಳ ಮಡಿಲಿಗಿಟ್ಟರು. "ನಾಲ್ಕು ದಿನ ಇರು. ಇಲ್ಲಿ ಟೀವಿ ಇಲ್ಲ."

ಮೊದಲ ದಿನ ಅವಳು ಬಾಯಿ ಕೆತ್ತಿದಳು. ಬಾಯಿ ಹೀಗೆ ತೆರೆದರೆ ತೀರ್ಥೇಶ ಹೇಗೆ ತೆರೆಸಬಹುದು ಎಂದು ಯೋಚಿಸುತ್ತಿರುವಾಗಲೇ ಉಳಿ ಜಾರಿ ದವಡೆ ಸೀಳಿತು. ಎರಡನೆಯ ದಿನ ಇನ್ನೊಂದು ತುಂಡು, ಅದೇ ಯೋಚನೆ, ಅದೇ ಸೀಳು. ಕಾಳಾಚಾರ್ ಎರಡನ್ನೂ ಬಚ್ಚಲ ಒಲೆಗೆ ಹಾಕಿ ಅವಳ ಸ್ನಾನಕ್ಕೆ ನೀರು ಕಾಯಿಸಿದರು.

ಮೂರನೆಯ ದಿನ ಯೋಚಿಸುವ ಶಕ್ತಿಯೇ ಉಳಿದಿರಲಿಲ್ಲ. ಕೈ ತನ್ನಷ್ಟಕ್ಕೆ ನಡೆಯಿತು. ಸಂಜೆಯ ಹೊತ್ತಿಗೆ ಒಬ್ಬ ಹೆಂಗಸಿನ ಮುಖ ಬಂತು. ಕೆಲಸವೆಲ್ಲ ಮುಗಿಸಿ, ಯಾರದೋ ಮಾತು ಕೇಳಿಸಿಕೊಳ್ಳಲು ಕೂತವಳ ಮುಖ.

ನಾಲ್ಕನೆಯ ದಿನ ಅದಕ್ಕೆ ಮೈ ಕೂಡಿಸಿ, ತಲೆಗೆ ಒಂದೇ ಒಂದು ದಾರ ಕಟ್ಟಿದಳು. ದಾರ ಸಡಿಲಿಸಿದರೆ ತಲೆ ಮೆಲ್ಲಗೆ ತೂಕಡಿಸಿ ಎದೆಗೆ ಬೀಳುತ್ತಿತ್ತು. ಎಳೆದರೆ ಥಟ್ಟನೆ ಏಳುತ್ತಿತ್ತು. ಇಲ್ಲ ಇಲ್ಲ, ಕೇಳ್ತಾನೇ ಇದೀನಿ ಹೇಳು ಎನ್ನುವ ಹಾಗೆ.

ಕಾಳಾಚಾರ್ ಬಹಳ ಹೊತ್ತು ನೋಡಿದರು. ಆಮೇಲೆ ಸರಿದು ಕೂತು, ಚಾಪೆಯ ಮೇಲೆ ಗೊಂಬೆಗೆ ಜಾಗ ಮಾಡಿಕೊಟ್ಟರು.

ಜಲಜಾಕ್ಷಿ ನಕ್ಕಳು. ನಗುತ್ತಿರುವಾಗಲೇ ಕಣ್ಣು ತುಂಬಿತು. ಏಳು ದಾರದವನನ್ನು ಅಲ್ಲೇ ಬಿಟ್ಟು, ಇವಳೊಬ್ಬಳನ್ನೇ ಪೆಟ್ಟಿಗೆಯಲ್ಲಿ ಮಲಗಿಸಿದಳು. ಚಾನೆಲ್ಲಿನವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ತೋರಿಸುವುದಂತೂ ಇವಳನ್ನೇ ಎಂದುಕೊಂಡಳು.

ಬಸ್ಸಿಗೆ ಹೊತ್ತಾಗಿತ್ತು. ಬಾಗಿಲವರೆಗೆ ಹೋದವಳು ತಡೆಯಲಾರದೆ ತಿರುಗಿದಳು.

"ಇವಳು ಟೀವಿಗೆ ಬಂದ ಮರುವಾರವೇ ಅವನೂ ಇಂಥವಳನ್ನೇ ಮಾಡ್ತಾನೆ ಗುರುಗಳೇ."

"ಮಾಡಲಿ ಬಿಡಮ್ಮ," ಎಂದರು ಕಾಳಾಚಾರ್. "ಅವನೂ ತುಂಬ ದಣಿದಿದಾನೆ."