ಎಲ್ಲ ಕಂಪ್ಯೂಟರಿನಲ್ಲೂ ಸಾಹೇಬರ ಮುಖ

ಸಹಕಾರ ಸಂಘದ ಮ್ಯಾನೇಜರ್ ವೀರಬಸಪ್ಪನವರಿಗೆ ಒಂದು ಖಯಾಲಿ ಹುಟ್ಟಿತು. "ನಾಳೆ ಜಿಲ್ಲಾ ಕಚೇರಿಯ ಮೇಡಂ ತಪಾಸಣೆಗೆ ಬರ್ತಾರೆ. ಅಷ್ಟರೊಳಗೆ ಎಲ್ಲ ಕಂಪ್ಯೂಟರಿನ ಪರದೆ ಮೇಲೂ ನನ್ನ ಫೋಟೋ ಇರ್ಬೇಕಮ್ಮ. ಇಲ್ಲದಿದ್ರೆ ನಿನ್ನ ಗುತ್ತಿಗೆ ಮುಗೀತು ಅಂತ ತಿಳ್ಕೋ!"

ಈ ಮಾತು ಕೇಳಿಸಿಕೊಂಡವಳು ಕಂಪ್ಯೂಟರ್ ನೋಡಿಕೊಳ್ಳುವ ಶಾಂಭವಿ. ಮೇಡಂಗೆ ಇಂಥ ಮೆರೆದಾಟ ಕಂಡರಾಗದು. ಅವರು ರೇಗಿದರೆ ಸಾಹೇಬರು ಬೆರಳು ತೋರಿಸುವುದು ಇವಳ ಕಡೆಗೇ. ಅತ್ತ ದರಿ, ಇತ್ತ ಪುಲಿ.

ಎಲ್ಲ ಕಂಪ್ಯೂಟರನ್ನೂ ಹಿಡಿತದಲ್ಲಿಡುವ ಸರ್ವರ್ ಮುಂದೆ ಕೂತಳು. ಪರದೆ ಮೇಲೆ ಯಾವ ಚಿತ್ರ ಬರಬೇಕೆಂಬ ನಿಯಮವನ್ನು ಅಲ್ಲಿಂದ ಕಂಪ್ಯೂಟರಿಗೂ ಹಾಕಬಹುದು, ಬಳಸುವವರ ಹೆಸರಿಗೂ ಹಾಕಬಹುದು. ಹೆಸರಿಗೆ ಹಾಕಿದರೆ ಆ ಮನುಷ್ಯ ಎಲ್ಲಿ ಲಾಗಿನ್ ಆದರೂ ಅದು ಬೆನ್ನು ಹತ್ತಿ ಬರುತ್ತದೆ. ಶಾಂಭವಿ ಆ ಫೋಟೋವನ್ನು ವೀರಬಸಪ್ಪನವರೊಬ್ಬರ ಹೆಸರಿಗೇ ಹಾಕಿದಳು.

ಸಂಜೆ ಸಾಹೇಬರು ಒಂದೊಂದೇ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ನೋಡಿದರು. ತಮ್ಮ ಹೆಸರು ಬಿಟ್ಟು ಬೇರೆ ಹೆಸರು ಒತ್ತುವ ಆಸಾಮಿಯೇ ಅಲ್ಲ. ಎಲ್ಲೆಲ್ಲೂ ಅವರದೇ ನಗುಮುಖ! "ಭೇಷ್!" ಅಂದರು.

ಮರುದಿನ ಮೇಡಂ ಬಂದರು. ಗುಮಾಸ್ತರ ಪರದೆಗಳಲ್ಲಿ ಎಂದಿನ ಬರೀ ನೀಲಿ. ವೀರಬಸಪ್ಪನವರ ಮುಖ ಕಪ್ಪಿಟ್ಟಿತು. "ಇರಿ ಮೇಡಂ, ತೋರಿಸ್ತೀನಿ" ಅಂತ ಗುಮಾಸ್ತನನ್ನು ಎಬ್ಬಿಸಿ, ತಾವೇ ಕೂತು ಲಾಗಿನ್ ಆದರು. ಫೋಟೋ ಬಂತು. ಪಕ್ಕದ ಕುರ್ಚಿಗೆ ಓಡಿದರು. ಅಲ್ಲೂ ಬಂತು.

ಮೇಡಂ ಕನ್ನಡಕ ತೆಗೆದು ಕೇಳಿದರು: "ಏನ್ರೀ, ನೀವು ಎಲ್ಲಿ ಕೂತರೂ ನಿಮಗೆ ನಿಮ್ಮ ಮುಖವೇ ಕಾಣುತ್ತಾ?"